ಎರಡು ಗೋಡೆಗಳ ನಡುವಿನ ನಿದ್ದೆ

ಊರೆಲ್ಲ ಎದ್ದು ಹಲ್ಲುಜ್ಜುವ ಹೊತ್ತಿಗೆ ನರ್ಸಕ್ಕ ಮಲಗಲು ಹಾಸಿಗೆ ಬಿಡಿಸುತ್ತಿದ್ದಳು. ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಅವಳದು ರಾತ್ರಿ ಪಾಳಿ. ವಾರವೆರಡು ವಾರದ ಮಾತಲ್ಲ, ಆರು ವರ್ಷದಿಂದಲೂ ಅದೇ. ಜೊತೆಯವರಿಗೆಲ್ಲ ಮಕ್ಕಳುಮರಿ, ಸ್ಕೂಲು, ಗಂಡಂದಿರ ಬುತ್ತಿ. ಇವಳ ಮನೆಯಲ್ಲಿದ್ದದ್ದು ಅಪ್ಪ ಒಬ್ಬನೇ. "ನಿಂಗೇನಮ್ಮಾ, ಹಗಲಾದ್ರೂ ಒಂದೇ, ರಾತ್ರಿಯಾದ್ರೂ ಒಂದೇ" ಎಂದು ಎಲ್ಲರೂ ಸೇರಿ ರಾತ್ರಿಯನ್ನು ಅವಳ ತಲೆಗೆ ಕಟ್ಟಿದ್ದರು. ಅವಳೂ ಬೇಡವೆಂದಿರಲಿಲ್ಲ. ಬೆಳಗ್ಗೆ ಬಸ್ಸಿಳಿದು ಬೀದಿಗೆ ಕಾಲಿಟ್ಟರೆ ಅಂಗಡಿಗಳ ಷಟರುಗಳು ಮೇಲೇಳುತ್ತಿರುತ್ತಿದ್ದವು, ಸ್ಕೂಲ್ ಮಕ್ಕಳು ಎದುರಿಗೆ ಓಡಿಬರುತ್ತಿದ್ದರು. ಇವಳೊಬ್ಬಳು ಎಲ್ಲರ ಎದುರು ದಿಕ್ಕಿಗೆ, ನೀರೊಳಗೆ ನಡೆದ ಹಾಗೆ ನಡೆದು ಮನೆ ಸೇರುತ್ತಿದ್ದಳು.

ಮನೆಯೆಂದರೆ ಮುಂದೊಂದು ಕೋಣೆ, ಒಳಗೊಂದು ಕೋಣೆ, ಹಿಂದೆ ಅಡುಗೆಮನೆ. ಒಳಕೋಣೆ ಅವಳದು. ಅದರ ಒಂದು ಗೋಡೆಯಾಚೆ ಬಹುಕಾಲ ಹತ್ತಿಯ ಗೋದಾಮಿತ್ತು. ಹತ್ತಿಗಿಂತ ಸಂಭಾವಿತ ನೆರೆ ಬೇರೆ ಉಂಟೇ? ಕೆಮ್ಮುವುದಿಲ್ಲ, ಜಗಳವಾಡುವುದಿಲ್ಲ. ಕಳೆದ ವರ್ಷ ಹತ್ತಿಯವರು ಖಾಲಿ ಮಾಡಿದರು. ಆ ಜಾಗಕ್ಕೆ ತಗಡಿನ ಟ್ರಂಕು ಮಾಡುವವನು ಬಂದ. ಬೀದಿಯವರು ಅವನಿಗೆ ಒಂದೇ ವಾರದಲ್ಲಿ ಟ್ರಂಕಣ್ಣ ಎಂದು ಹೆಸರಿಟ್ಟರು. ಆಳು ಬಂಗಾರದಂಥವನು. ಆದರೆ ಬೆಳಗ್ಗೆ ಒಂಬತ್ತಕ್ಕೆ ಅವನು ಸುತ್ತಿಗೆ ಎತ್ತಿದನೆಂದರೆ ನರ್ಸಕ್ಕನ ಕನಸುಗಳಿಗೆಲ್ಲ ಏಟು ಬೀಳತೊಡಗುತ್ತಿತ್ತು.

ಅವಳಿಗೆ ಎಚ್ಚರವೂ ಆಗುತ್ತಿರಲಿಲ್ಲ, ನಿದ್ದೆಯೂ ಹತ್ತುತ್ತಿರಲಿಲ್ಲ. ಎರಡರ ನಡುವೆ ತೇಲುತ್ತ ಮಲಗಿರುತ್ತಿದ್ದಳು. ಉದ್ದನೆಯ ಬಿಳಿ ಓಣಿಯೊಂದು ಕಾಣುತ್ತಿತ್ತು, ಅದರ ಎರಡೂ ಪಕ್ಕ ಬಾಗಿಲುಗಳು. ಠಣ್ ಎಂದಾಗ ಒಂದು ಬಾಗಿಲು ಬಡಿಯುತ್ತಿತ್ತು. ತೆಗೆದು ನೋಡಿದರೆ ಒಳಗೆ ಇನ್ನೊಂದು ಓಣಿ. ಒಮ್ಮೊಮ್ಮೆ ವಾರ್ಡಿನ ಮಂಚಗಳು ದೋಣಿಗಳಾಗಿ, ಮೇಲಿನ ಹೊದಿಕೆಗಳು ಹಾಯಿಗಳಾಗಿ ದೂರ ಹೋಗುತ್ತಿದ್ದವು. ಇವಳು ದಡದಲ್ಲಿ ಥರ್ಮಾಮೀಟರು ಹಿಡಿದು "ನಿಲ್ಲಿ, ನಿಲ್ಲಿ" ಎಂದು ಕೂಗುತ್ತಿದ್ದಳು. ಸಂಜೆ ನಾಲ್ಕಕ್ಕೆ ಏಳುವಾಗ ಮೈಯೆಲ್ಲ ಈಜಿದಷ್ಟು ದಣಿದಿರುತ್ತಿತ್ತು.

ಒಂದು ದಿನ ತಡೆಯಲಾರದೆ ಹೋಗಿ ಟ್ರಂಕಣ್ಣನಿಗೆ ಹೇಳಿದಳು. ಅವನು ನೊಂದುಕೊಂಡ.

"ಅಯ್ಯೋ ತಾಯಿ, ಮೊದಲೇ ಹೇಳಬಾರದಿತ್ತಾ? ಹೂವು ತಟ್ಟಿದ ಹಾಗೆ ತಟ್ತೀನಿ ಬಿಡಿ."

ಹೇಳಿದಂತೆಯೇ ಮಾಡಿದ. ಸುತ್ತಿಗೆಗೆ ಬಟ್ಟೆ ಸುತ್ತಿ ಮೆಲ್ಲಗೆ, ತಡೆತಡೆದು ತಟ್ಟಿದ. ಅದು ಇನ್ನೂ ಕಷ್ಟವಾಯಿತು. ಮೊದಲಾದರೆ ಸದ್ದು ಮಳೆಯ ಹಾಗೆ ಒಂದೇ ಸಮ ಬೀಳುತ್ತಿತ್ತು. ಈಗ ಒಂದು ಏಟು ಬಿದ್ದರೆ ಮುಂದಿನದು ಯಾವಾಗ ಎಂದು ಉಸಿರು ಬಿಗಿಹಿಡಿದು ಕಾಯಬೇಕು. ಮೂರನೆಯ ದಿನ ತಾನೇ ಹೋಗಿ, "ಅಣ್ಣಾ, ಮೊದಲಿನ ಹಾಗೇ ಹೊಡೀರಿ" ಎಂದು ಕೇಳಿಕೊಂಡು ಬಂದಳು.

ಅಪ್ಪನಿಗೆ ಇದಾವುದೂ ಗೊತ್ತಿರಲಿಲ್ಲ. ಅವನು ನಲವತ್ತೈದು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿ. ಇಟ್ಟಿಗೆ ಒಡೆಯುವ, ಕಲ್ಲು ಕೆತ್ತುವ ಸದ್ದಿನಲ್ಲೇ ಬಾಳಿದ್ದರಿಂದ ಕಿವಿ ಮಂದವಾಗಿತ್ತು. ಬಲಗೈ ನಡುಗತೊಡಗಿದ ಮೇಲೆ ಗಾರೆ ಸವರುವ ಕರಣೆಯನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟು, ಮುಂಗೋಣೆಯ ಕುರ್ಚಿಯಲ್ಲಿ ಕೂತು, ಬೀದಿಯ ಮನೆಗಳ ಸೊಟ್ಟಪಟ್ಟ ಲೆಕ್ಕ ಹಾಕುವುದೇ ಅವನ ಕೆಲಸವಾಗಿತ್ತು. ಎದುರುಮನೆಯ ಕಾಂಪೌಂಡು ಎರಡು ಬೆರಳು ವಾಲಿದೆ ಎಂದು ಅವನು ಹೇಳುತ್ತ ಬಂದು ಒಂಬತ್ತು ವರ್ಷವಾಗಿತ್ತು. ಅದು ಇನ್ನೂ ಬಿದ್ದಿರಲಿಲ್ಲ. "ಬೀಳಲ್ಲ. ಆದ್ರೆ ವಾಲಿದೆ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಅವನು ಕೈ ತೊಳೆಯಲು ಬಚ್ಚಲಿಗೆ ಹೋದರೆ, ಮಗಳು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಗೋಡೆಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಮಡಿಲಲ್ಲಿ ದಿಂಬಿತ್ತು.

"ಇಲ್ಯಾಕೆ ಮಲಗಿದೀಯೆ ಪುಟ್ಟಿ?"

ಅವಳು ಕಣ್ಣು ಬಿಟ್ಟಳು. ಎಲ್ಲಿದ್ದೇನೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅಳು ಬಂದುಬಿಟ್ಟಿತು, ಅದರ ಜೊತೆಗೇ ಗೋಡೆಯಾಚೆಯ ಸುತ್ತಿಗೆಯ ಕಥೆಯೆಲ್ಲ ಹೊರಬಂತು. ಹಿಂದಿನ ರಾತ್ರಿ ಒಬ್ಬ ರೋಗಿಯ ಜ್ವರವನ್ನೇ ಮೂವರ ಚೀಟಿಯಲ್ಲಿ ಬರೆದುಬಿಟ್ಟಿದ್ದಳಂತೆ. ಏಳನೇ ಮಂಚದ ಮುದುಕಿ ನೋಡಿ ಹೇಳಿದ್ದಕ್ಕೆ ಗೊತ್ತಾಯಿತಂತೆ. "ನೀನು ಬಂದು ನನ್ನ ಜಾಗದಲ್ಲಿ ಮಲಕ್ಕೋ ಮಗಳೇ, ವಾರ್ಡು ನಾನು ನೋಡ್ಕೋತೀನಿ ಅಂದ್ಲಪ್ಪಾ ಆ ಅಜ್ಜಿ. ಸೊಂಟ ಮುರಿದು ಬಂದಿರೋಳು ಅವಳು!" ಎಂದು ಅಳುತ್ತಲೇ ನಕ್ಕಳು.

ಅಪ್ಪ ನೇರ ಒಳಕೋಣೆಗೆ ಹೋಗಿ ಆ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದ, ಅಂಗೈಯಿಟ್ಟು ನೋಡಿದ.

"ಇದು ಗೋಡೆಯಲ್ಲ, ಪರದೆ. ಬರೀ ಅರ್ಧ ಇಟ್ಟಿಗೆ ದಪ್ಪ."

"ಅರ್ಧ ಇಟ್ಟಿಗೆಯಾದ್ರೂ ಗೋಡೆ ಗೋಡೆನೇ ಅಲ್ವೇನಪ್ಪಾ?"

"ಎಲ್ಲಾ ಗೋಡೇನೂ ಒಂದೇ ಜಾತಿ ಅನ್ಕೊಂಡಿದೀಯಾ?" ಅವನು ಹಾಸಿಗೆಯ ಅಂಚಿನಲ್ಲಿ ಕೂತ. ಅವನ ದನಿಗೆ ಎಷ್ಟೋ ವರ್ಷದ ಹಿಂದಿನ ಕಸುವು ಬಂದಿತ್ತು. "ಈ ಮನೆ ಸೂರು ಹೊತ್ತಿರೋದು ಹೊರಗಿನ ದಪ್ಪ ಗೋಡೆಗಳು. ಅವು ಮನೆ ಯಜಮಾನರಿದ್ದ ಹಾಗೆ. ಅವನ್ನ ಮುಟ್ಟಿದ್ರೆ ಮನೆನೇ ಕೂತ್ಕೊಳ್ಳುತ್ತೆ. ಇದು ಅಡ್ಡಗೋಡೆ. ನೀನು ಆಚೆ, ನಾನು ಈಚೆ ಅನ್ನೋದಷ್ಟೇ ಇದರ ಕೆಲಸ. ಭಾರ ಹೊರಲ್ಲ, ಮಾತು ತಡೆಯಲ್ಲ. ಗುಡ್ಡದ ಕೆಳಗೆ ಕಟ್ತಾರಲ್ಲ ಕಲ್ಲಿನ ಗೋಡೆ, ಅದು ಮಣ್ಣನ್ನ ಬೆನ್ನಲ್ಲಿ ತಳ್ಳಿ ಹಿಡಿದು ನಿಲ್ಲುತ್ತೆ. ಅದಕ್ಕೆ ಅಲ್ಲಲ್ಲಿ ತೂತು ಬಿಟ್ಟು ನೀರಿಗೆ ದಾರಿ ಕೊಡಬೇಕು, ಇಲ್ಲದಿದ್ರೆ ಉಬ್ಬಿ ಒಡೆಯುತ್ತೆ."

"ನನಗೆ ಯಾವುದು ಬೇಕಪ್ಪಾ?"

"ಕಲ್ಲಿಂದಾದ್ರೆ ಎರಡಡಿ ದಪ್ಪ ಬೇಕು. ತಂಪಿರುತ್ತೆ, ಬೆಂಕಿಗೂ ಜಗ್ಗಲ್ಲ, ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತೆ. ಆದ್ರೆ ನಿನ್ನ ಮಂಚ ಬೀದಿಲಿ ಹಾಕಬೇಕಾಗುತ್ತೆ." ಅವನು ಎರಡು ಅಂಗೈಗಳನ್ನು ಎದುರುಬದುರು ಹಿಡಿದ, ನಡುವೆ ಎರಡು ಬೆರಳಿನಷ್ಟು ಜಾಗ ಬಿಟ್ಟು. "ಇನ್ನೊಂದುಂಟು. ಜೋಡಿ ಗೋಡೆ. ಈ ಗೋಡೆ ಮುಂದೆ ಇನ್ನೊಂದು ಅರ್ಧ ಇಟ್ಟಿಗೆ ಗೋಡೆ. ನಡುವೆ ಬರೀ ಗಾಳಿ. ಎರಡೂ ಎಲ್ಲೂ ಮುಟ್ಟಬಾರದು. ಬಿಸಿಲು ಬಡಿದ್ರೂ ಆ ಗೋಡೆಗೆ, ಸದ್ದು ಬಡಿದ್ರೂ ಆ ಗೋಡೆಗೆ. ಈ ಗೋಡೆಗೆ ಏನಾಯ್ತು ಅಂತಾನೇ ಗೊತ್ತಾಗಲ್ಲ."

"ಯಾರು ಕಟ್ತಾರೆ?"

"ಯಾರು ಅಂದ್ರೆ?"

"ಕೈ ನಡುಗುತ್ತಲ್ಲಪ್ಪಾ ನಿಂದು."

"ಕೈ ನಡುಗಿದ್ರೇನು, ದಾರ ನಡುಗಲ್ಲ" ಎಂದ ಅಪ್ಪ.

ಎರಡು ದಿನದಲ್ಲಿ ಇಟ್ಟಿಗೆ, ಮರಳು ಬಂದು ಬಿದ್ದವು. ನರ್ಸಕ್ಕನ ಮಂಚ ಅಡುಗೆಮನೆಗೆ ಹೋಯಿತು. ಅಪ್ಪ ಕರಣೆಯನ್ನು ಬಟ್ಟೆಯಿಂದ ಬಿಚ್ಚಿ, ನೆಲ ಅಗೆದು, ಕಲ್ಲಿನ ಪಾಯ ಹಾಕಿ, ಈ ತುದಿಯಿಂದ ಆ ತುದಿಗೆ ದಾರ ಕಟ್ಟಿದ. ದಿನಕ್ಕೆ ಮೂರು ವರಸೆ ಇಟ್ಟಿಗೆಗಿಂತ ಹೆಚ್ಚು ಏಳುತ್ತಿರಲಿಲ್ಲ. ಇಟ್ಟಿಗೆಯನ್ನು ಎಡಗೈಯಲ್ಲಿ ಹಿಡಿದು, ನಡುಗುವ ಬಲಗೈಯ ಕರಣೆಯಿಂದ ಗಾರೆ ಸವರಿ, ದಾರಕ್ಕೆ ಕೂಡಿಸಿ, ಹಿಡಿಯಿಂದ ಎರಡು ಸಲ ಕುಟ್ಟುತ್ತಿದ್ದ. ಅಡುಗೆಮನೆಯಲ್ಲಿ ಮಲಗಿದ ಮಗಳಿಗೆ ಅದು ಕೇಳುತ್ತಿತ್ತು. ಅಮ್ಮ ಬದುಕಿದ್ದಾಗ ಅಪ್ಪನ ಜೊತೆ ಬಾಂಡ್ಲಿಯಲ್ಲಿ ಗಾರೆ ಹೊರುತ್ತಿದ್ದಳು. ಮಗುವಾಗಿದ್ದ ಇವಳನ್ನು ಅರ್ಧ ಕಟ್ಟಿದ ಮನೆಗಳ ನೆರಳಲ್ಲಿ ಗೋಣಿಚೀಲದ ಮೇಲೆ ಮಲಗಿಸುತ್ತಿದ್ದಳು. ಸೂರಿಲ್ಲದ ಕೋಣೆ, ಮೇಲೆ ಮೋಡ, ಕಿಟಕಿಯ ತೂತಿನಲ್ಲಿ ಬಂದು ಹೋಗುವ ಅಮ್ಮನ ಸೆರಗು. ಗೋಡೆ ಏಳಲು ಹಿಡಿದ ಆ ಹನ್ನೆರಡು ದಿನ ನರ್ಸಕ್ಕ ನಿದ್ದೆಯಲ್ಲಿ ಅಂಥ ಎಷ್ಟೋ ಸೂರಿಲ್ಲದ ಮನೆಗಳೊಳಗೆ ಓಡಾಡಿ ಬಂದಳು.

ಗೋಡೆ ಮುಗಿಯಿತು. ಸೂರಿಗೆ ಒಂದು ಬೆರಳು ಕೆಳಗೆ ನಿಲ್ಲಿಸಿ ಆ ಸಂದಿಗೆ ಅಪ್ಪ ಹಳೇ ಕಂಬಳಿಯ ಚೂರು ತುರುಕಿದ. ತಲೆಯ ಹತ್ತಿರ ನೀರಿನ ಲೋಟ ಇಟ್ಟುಕೊಳ್ಳಲು ಪುಟ್ಟ ಗೂಡೊಂದನ್ನೂ ಬಿಟ್ಟಿದ್ದ. ಇಟ್ಟಿಗೆಯ ಮೇಲೆ ಮೆತ್ತಿದ ಗಿಲಾವು ಆರಿ, ಸುಣ್ಣ ಬಳಿದ ಮೇಲೆ ಮಂಚ ವಾಪಸು ಬಂತು.

ಮೊದಲ ದಿನ ಅವಳು ಕಣ್ಣು ಮುಚ್ಚಿ ಕಾದಳು. ಒಂಬತ್ತಾಯಿತು. ಠಣ್.

ಸದ್ದು ಸ್ವಲ್ಪ ಕುಗ್ಗಿತ್ತು, ನಿಜ. ಆದರೆ ಸುತ್ತಿಗೆ ಸುತ್ತಿಗೆಯೇ ಆಗಿತ್ತು. ಅದು ಗೋಡೆಯ ಬುಡದಿಂದ ಹೊರಟು ಮಂಚದ ಕಾಲು ಹತ್ತಿ ದಿಂಬಿಗೆ ಬರುತ್ತಿತ್ತು. ಸಂಜೆ ಬಾಗಿಲು ತೆಗೆದರೆ ಅಪ್ಪ ಹೊರಗೇ ನಿಂತಿದ್ದ. ಕೂದಲಲ್ಲಿ ಇನ್ನೂ ಸುಣ್ಣದ ಪುಡಿ.

"ಹೇಗಿತ್ತು?"

"ಸತ್ತ ಹಾಗೆ ನಿದ್ದೆ ಬಂತಪ್ಪಾ."

ಅವನ ಮುಖ ಅರಳಿದ್ದನ್ನು ನೋಡಿ ಅವಳಿಗೆ ತನ್ನ ಸುಳ್ಳು ಸಣ್ಣದೆನಿಸಿತು. ಮರುದಿನವೂ ಅದನ್ನೇ ಹೇಳಿದಳು. ಅಪ್ಪ ಬೀದಿಯ ತುದಿಯ ಕ್ಷೌರಿಕನವರೆಗೂ ಹೋಗಿ ಗೋಡೆಯ ಸಮಾಚಾರ ಹೇಳಿ ಬಂದ. ಟ್ರಂಕಣ್ಣ ಖುಷಿಯಾಗಿ, ಇನ್ನು ಹಂಗಿಲ್ಲವೆಂದು ದೊಡ್ಡ ಸುತ್ತಿಗೆಯನ್ನೇ ತೆಗೆದ.

ಹತ್ತು ದಿನ ಹೀಗೇ ನಡೆಯಿತು. ಹನ್ನೊಂದನೆಯ ದಿನ ನರ್ಸಕ್ಕ ಹಾಸಿಗೆಯಲ್ಲಿ ಕಣ್ಣು ಮುಚ್ಚಿದ್ದಾಗ ಅಪ್ಪ ಮೆಲ್ಲಗೆ ಒಳಬಂದ. ಕಿಟಕಿಯ ಬಿಸಿಲು ಮಗಳ ಮುಖಕ್ಕೆ ಬೀಳುತ್ತದೆಂದು ಪರದೆ ಎಳೆಯಲು ಬಂದವನು. ತಿರುಗಿ ಹೋಗುವಾಗ ಗೂಡಿನ ಕಡೆ ಕಣ್ಣು ಹೋಯಿತು. ಲೋಟದ ತುಂಬ ನೀರಿತ್ತು. ನೀರಿನ ನಡುವಿನಿಂದ ಒಂದು ಸಣ್ಣ ಉಂಗುರ ಎದ್ದು ಅಂಚಿಗೆ ಹೋಗಿ ಮಾಯವಾಯಿತು. ಅದರ ಹಿಂದೆ ಇನ್ನೊಂದು. ಕಿವಿಗೆ ಕೇಳದ ಸುತ್ತಿಗೆಯನ್ನು ಅವನು ನೀರಿನಲ್ಲಿ ನೋಡುತ್ತ ನಿಂತ.

ಮಗಳು ರೆಪ್ಪೆಯ ಸಂದಿಯಿಂದ ಎಲ್ಲವನ್ನೂ ಕಂಡಳು. ಕನಸಿರಬಹುದೇ ಎಂದುಕೊಂಡಳು. ಅಪ್ಪ ಬೆರಳನ್ನು ಲೋಟದ ಅಂಚಿಗೆ ತಾಗಿಸಿದ, ಆಮೇಲೆ ಗೋಡೆಗೆ ಕೆನ್ನೆಯನ್ನೇ ಒತ್ತಿ ಹಿಡಿದ, ಮಗುವಿಗೆ ಜ್ವರ ನೋಡುವವರ ಹಾಗೆ. ಹಾಗೆಯೇ ಬಹಳ ಹೊತ್ತು ಇದ್ದು ಹೊರಗೆ ಹೋದ.

ಅವಳು ಎದ್ದು ಹಿಂಬಾಲಿಸಿದಳು. ಅವನು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದ.

"ಅಪ್ಪಾ."

"ಗೋಡೆ ವಿಷಯದಲ್ಲಿ ಸುಳ್ಳು ಹೇಳಬಾರದು ಪುಟ್ಟಿ." ಸಿಟ್ಟಿರಲಿಲ್ಲ, ದನಿ ಬತ್ತಿತ್ತು. "ಬೇರೆ ಯಾವುದರಲ್ಲಾದ್ರೂ ಹೇಳು. ಸಾರಿಗೆ ಉಪ್ಪು ಜಾಸ್ತಿಯಾದ್ರೆ ಚೆನ್ನಾಗಿದೆ ಅನ್ನು. ಗೋಡೆ ಮಾತ್ರ ತಲೆ ಮೇಲೆ ಬೀಳುತ್ತೆ."

"ನೀನು ಅಷ್ಟು ಕಷ್ಟಪಟ್ಟು ಕಟ್ಟಿದ್ದೆ. ಸಾಲಲ್ಲ ಅಂತ ಹೇಗೆ ಹೇಳ್ಲಿ? ನನಗೆ ಬಾಯಿ ಬರಲಿಲ್ಲ."

ಅಪ್ಪ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡ. ಆಗ ಅದು ಸ್ವಲ್ಪ ಸುಮ್ಮನಿರುತ್ತಿತ್ತು.

"ನಾನೂ ಹೇಳಿಲ್ಲ ಒಂದನ್ನ" ಎಂದ ಕೊನೆಗೆ. "ಇಟ್ಟಿಗೆ ಇಡುವಾಗ ಗಾರೆ ಹಿಂದಕ್ಕೂ ಜಾರಿ ಬೀಳುತ್ತೆ. ಬಿದ್ದದ್ದು ಎರಡು ಗೋಡೆ ನಡುವೆ ಕೂತು ಗಟ್ಟಿಯಾದ್ರೆ ಸೇತುವೆ ಕಟ್ಟಿದ ಹಾಗೆ. ಸದ್ದು ಅದರ ಮೇಲೆ ನಡ್ಕೊಂಡು ಈಚೆಗೆ ಬರುತ್ತೆ. ಅದಕ್ಕೆ ಸಂದಿಯೊಳಗೆ ಒಂದು ಉದ್ದದ ಪಟ್ಟಿ ಇಳಿಬಿಟ್ಟು, ಬಿದ್ದದ್ದೆಲ್ಲ ಅದರ ಮೇಲೆ ಬೀಳೋ ಹಾಗೆ ಮಾಡಿ, ಎರಡೆರಡು ವರಸೆಗೆ ಒಂದ್ಸಲ ಮೇಲೆಳೆದು ಒರೆಸಬೇಕು. ಎರಡು ತುದಿ ಒಟ್ಟಿಗೆ ಎಳೀಬೇಕು. ಒಬ್ಬನ ಕೈಲಿ ಆಗೋ ಕೆಲಸ ಅಲ್ಲ ಅದು. ನಿಮ್ಮಮ್ಮ ಇದ್ದಾಗ ಅವಳು ಒಂದು ತುದಿ ಹಿಡೀತಿದ್ಲು."

"ನನ್ನ ಕರೀಬಾರದಿತ್ತಾ?"

"ನೀನು ಮಲಗಿದ್ದೆಯಲ್ಲೇ."

ಅವಳು ಅವನ ಪಕ್ಕ ಮೆಟ್ಟಿಲ ಮೇಲೆ ಕೂತಳು. ಮಗಳ ನಿದ್ದೆಗೆಂದು ಕಟ್ಟಿದ ಗೋಡೆ ಮಗಳ ನಿದ್ದೆ ಕೆಡಬಾರದೆಂದೇ ಕೆಟ್ಟಿತ್ತು. ಇಬ್ಬರಿಗೂ ಅದು ಒಟ್ಟಿಗೆ ಹೊಳೆದಿರಬೇಕು. ಮೊದಲು ಅಪ್ಪನ ಭುಜ ಅಲುಗಿತು, ಆಮೇಲೆ ಇವಳದು. ನಗು ನಿಲ್ಲುವಷ್ಟರಲ್ಲಿ ಅವಳು ನಾಲ್ಕು ದಿನದ ರಜೆ ಹಾಕುವುದೆಂದು ತೀರ್ಮಾನಿಸಿಯಾಗಿತ್ತು.

ಮಾರನೆಯ ಬೆಳಗ್ಗೆ ಅಪ್ಪ ಗೋಡೆಯ ಬುಡದಲ್ಲಿ ಒಂದು ಬಿಟ್ಟು ಒಂದು ಇಟ್ಟಿಗೆ ಬಿಡಿಸಿದ. ನರ್ಸಕ್ಕ ಬೋರಲು ಮಲಗಿ, ತುದಿ ಬಗ್ಗಿಸಿದ ಕಂಬಿಯನ್ನು ಒಳಗೆ ತೂರಿಸಿ ಗಟ್ಟಿ ಗಾರೆಯ ಉಂಡೆಗಳನ್ನು ಎಳೆದೆಳೆದು ಹಾಕಿದಳು. ಟಾರ್ಚು ಬಿಟ್ಟು ನೋಡಿದರೆ ಎರಡು ಬೆರಳಗಲದ ಬೀದಿಯೊಂದು ಕತ್ತಲಲ್ಲಿ ದೂರದವರೆಗೆ ಚಾಚಿಕೊಂಡಿತ್ತು, ಅಲ್ಲಲ್ಲಿ ಗುಡ್ಡಗಳು. ಗಾಳಿ ಅಲ್ಲಾಡುತ್ತಿರಲಿಲ್ಲ. ತಾನು ಇರುವೆಯಾದರೆ ಈ ಬೀದಿಯಲ್ಲಿ ಮನೆ ಮಾಡುತ್ತಿದ್ದೆ ಎನಿಸಿತು ಅವಳಿಗೆ.

"ಏನು ಕಾಣುತ್ತೆ?" ಎಂದು ಅಪ್ಪ ಕೇಳಿದ.

"ಊರು ಕಾಣುತ್ತಪ್ಪಾ."

"ಊರಲ್ಲ, ನನ್ನ ಮರ್ಯಾದೆ ಬಿದ್ದಿರೋದು ಅಲ್ಲಿ. ಎಳೆದು ಹಾಕು."

ಬುಡದ್ದು ಬಂತು. ಮೇಲೆ ಸಿಕ್ಕಿಕೊಂಡದ್ದು ಬರಲಿಲ್ಲ. ಅಪ್ಪ ಗೋಡೆಗೆ ಏಣಿ ಆನಿಸಿದ. ಆಮೇಲೆ ತಾನೇ ಏಣಿ ಹತ್ತಿ ಮೇಲಿನ ಇಟ್ಟಿಗೆಯಿಂದ ಒಂದೊಂದಾಗಿ ಬಿಚ್ಚತೊಡಗಿದ. ಸದ್ದು ಕೇಳಿ ಟ್ರಂಕಣ್ಣ ಓಡಿ ಬಂದ. ವಿಷಯ ತಿಳಿದವನೇ ಅಂಗಡಿಯ ಬಾಗಿಲು ಎಳೆದು, ಪಂಚೆ ಮೇಲೆ ಕಟ್ಟಿ, ಇಟ್ಟಿಗೆಗಳ ಮೇಲಿನ ಗಾರೆ ಕೆರೆಯಲು ಹಿತ್ತಲಲ್ಲಿ ಕೂತ.

"ಹತ್ತು ದಿನ ನನಗೆ ದೊಡ್ಡ ಸುತ್ತಿಗೆ ಹಿಡಿಯೋಕೆ ಬಿಟ್ರಲ್ಲಾ ತಾಯಿ! ನಾನು ಮನುಷ್ಯನಾ ರಾಕ್ಷಸನಾ?" ಎಂದು ಸಂಜೆಯವರೆಗೆ ಗೊಣಗುತ್ತಲೇ ಇದ್ದ.

ಸೊಂಟದೆತ್ತರದವರೆಗೆ ಬಿಚ್ಚಿ, ಬುಡದ ತೂತುಗಳನ್ನು ಇಟ್ಟಿಗೆಯಿಂದ ಮುಚ್ಚಿ, ಮತ್ತೆ ಕಟ್ಟಲು ಶುರುಮಾಡಿದರು. ಮಗಳು ಗಾರೆ ಕಲಸಿ, ಟ್ರಂಕಣ್ಣ ಇಟ್ಟಿಗೆ ಎತ್ತಿಕೊಡುತ್ತಿದ್ದರಿಂದ ಈ ಸಲ ದಿನಕ್ಕೆ ಎಂಟು ವರಸೆ ಏಳುತ್ತಿತ್ತು. ಅಪ್ಪ ಉದ್ದನೆಯ ಮರದ ಪಟ್ಟಿಗೆ ಗೋಣಿ ಸುತ್ತಿ, ಎರಡೂ ತುದಿಗೆ ಹಗ್ಗ ಕಟ್ಟಿ ಸಂದಿಯೊಳಗೆ ಇಳಿಬಿಟ್ಟ. ಅವನು ಎರಡು ವರಸೆ ಇಡುವವರೆಗೆ ಮಗಳು ಕಾಯುವುದು, ಆಮೇಲೆ "ಹೂಂ" ಎಂದಾಗ ಇಬ್ಬರೂ ಒಂದೇ ಉಸಿರಿಗೆ ಮೇಲೆಳೆಯುವುದು. ಮೊದಮೊದಲು ಅವಳ ತುದಿ ಬೇಗ ಬರುತ್ತಿತ್ತು, ಪಟ್ಟಿ ಓರೆಯಾಗಿ ಗೋಡೆಗೆ ತಾಗುತ್ತಿತ್ತು. "ಅವಸರ ಬೇಡ. ಮಲಗಿದ ಮಗೂನ ತೊಟ್ಟಿಲಿಂದ ಎತ್ತಿದ ಹಾಗೆ" ಎಂದ ಅಪ್ಪ. ಮೂರನೆಯ ದಿನದ ಹೊತ್ತಿಗೆ ಅವನು ಹೂಂ ಎನ್ನುವುದನ್ನೂ ಬಿಟ್ಟ. ಅವಳ ಕೈಗೆ ತಾನೇ ಗೊತ್ತಾಗುತ್ತಿತ್ತು. ಪಟ್ಟಿಯ ಮೇಲೆ ಬಿದ್ದ ಹಸಿ ಗಾರೆಯನ್ನು ಒರೆಸುವಾಗ ಅವಳು ಅಪ್ಪನ ಕೈ ನೋಡುತ್ತಿದ್ದಳು. ಇಟ್ಟಿಗೆ ತಲುಪುವವರೆಗೆ ನಡುಗುತ್ತಿತ್ತು. ಕುಟ್ಟುವ ಕ್ಷಣಕ್ಕೆ ನಡುಕ ಎಲ್ಲಿಗೋ ಹೋಗುತ್ತಿತ್ತು.

ನಾಲ್ಕನೆಯ ಸಂಜೆ ಕೊನೆಯ ವರಸೆ ಕೂತಿತು. ಗಿಲಾವಿಗೂ ಕಾಯದೆ ಅಪ್ಪ ಟ್ರಂಕಣ್ಣನನ್ನು ಷೆಡ್ಡಿಗೆ ಕಳಿಸಿದ.

"ಹೊಡಿ ಹೋಗು."

ಮಗಳು ಕೋಣೆಯ ನಡುವೆ ನಿಂತು ಕಿವಿಗೊಟ್ಟಳು. ಏನೂ ಇಲ್ಲ. ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದ.

"ಇನ್ನೂ ಶುರು ಮಾಡಿಲ್ವೇನೋ ಅವನು" ಎಂದಳು.

ಅಪ್ಪ ಕಿಟಕಿ ತೆರೆದು ಬಗ್ಗಿ ನೋಡಿದ. ಟ್ರಂಕಣ್ಣ ಬೆವರು ಸುರಿಸುತ್ತ ತಗಡನ್ನು ಜಜ್ಜುತ್ತಿದ್ದ. ಕಿಟಕಿ ಮುಚ್ಚಿದ ಮೇಲೆ, ಬಹಳ ಗಮನವಿಟ್ಟು ಕೇಳಿದರೆ, ಬೇರೆ ಯಾವುದೋ ಊರಿನಲ್ಲಿ ಯಾರೋ ಏನೋ ಮಾಡುತ್ತಿರುವ ಹಾಗೆ ಒಂದು ಸದ್ದಿತ್ತು. ಅದೂ ಸದ್ದೋ ಸದ್ದಿನ ನೆನಪೋ ಎಂದು ಹೇಳುವಂತಿರಲಿಲ್ಲ.

"ನಿಜ ಹೇಳು" ಎಂದ ಅಪ್ಪ.

"ನಿಜ ಅಪ್ಪಾ. ಆಣೆ."

ಅವಳು ಮತ್ತೆ ಕೆಲಸಕ್ಕೆ ಹೋಗಿ ಬಂದ ಮೊದಲ ಬೆಳಗ್ಗೆ, ಸೀರೆ ಬದಲಿಸಿ ಮಂಚಕ್ಕೆ ಒರಗಿದ್ದಷ್ಟೇ ಗೊತ್ತು. ಬಿಳಿ ಓಣಿ ಬರಲಿಲ್ಲ, ದೋಣಿಗಳೂ ಬರಲಿಲ್ಲ. ಬಹಳ ಹೊತ್ತಿನ ಮೇಲೆ, ನಿದ್ದೆಯ ತೀರಾ ತಳದಲ್ಲಿ, ಎರಡು ಬೆರಳಗಲದ ಆ ಬೀದಿಯಲ್ಲಿ ತಾನು ನಡೆಯುತ್ತಿರುವುದು ಕಂಡಿತು. ಇಕ್ಕಟ್ಟೆನಿಸಲಿಲ್ಲ. ಇಟ್ಟಿಗೆಗಳು ಬೆಚ್ಚಗಿದ್ದವು. ಅಮ್ಮ ಬಾಂಡ್ಲಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ಇವಳನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಇಬ್ಬರೂ ಏನೂ ಮಾತಾಡಲಿಲ್ಲ. ಮಾತಾಡಿದರೆ ಈ ಗೋಡೆ ಆ ಗೋಡೆಗೆ ತಾಗುತ್ತದೆಂದು ಕನಸಿನಲ್ಲಿ ಇಬ್ಬರಿಗೂ ತಿಳಿದಿತ್ತು.

ಎದ್ದಾಗ ಆರು ಗಂಟೆ ದಾಟಿತ್ತು. ಪಾಳಿಗೆ ತಡವಾಗಿ ಓಡಿದಳು. ವಾರ್ಡಿನ ಹಿರಿಯ ನರ್ಸು ಬೈಯಲು ಬಾಯಿ ತೆರೆದವರು ಇವಳ ಮುಖ ನೋಡಿ ಕಣ್ಣರಳಿಸಿದರು.

"ಏನಮ್ಮಾ, ಹತ್ತು ವರ್ಷ ಚಿಕ್ಕವಳಾಗಿದೀಯ! ಯಾವ ಮಾತ್ರೆ ತಗೊಂಡೆ?"

"ಗೋಡೆ ಮೇಡಂ" ಎಂದಳು ನರ್ಸಕ್ಕ, ಮತ್ತು ಎಲ್ಲವನ್ನೂ ಹೇಳಿದಳು.

ಆ ಆಸ್ಪತ್ರೆಯಲ್ಲಿ ನರ್ಸುಗಳು ಒರಗುವ ಕೋಣೆ ಜನರೇಟರಿನ ಮಗ್ಗುಲಲ್ಲಿತ್ತು. ಅಲ್ಲಿ ಮಲಗಿದರೆ ಹಲ್ಲು ಕಟಕಟಿಸುತ್ತಿತ್ತೇ ವಿನಾ ನಿದ್ದೆ ಬರುತ್ತಿರಲಿಲ್ಲ. ಅಲ್ಲೂ ಜೋಡಿ ಗೋಡೆ ಬೇಕೆಂದು ಹಿರಿಯ ನರ್ಸು ಹಟ ಹಿಡಿದು ಅರ್ಜಿ ಹಾಕಿದರು. ಎರಡು ತಿಂಗಳಾದ ಮೇಲೆ ಆಸ್ಪತ್ರೆಯವರು, ಇಬ್ಬರು ಗಾರೆಯವರನ್ನು ಕೊಡುತ್ತೇವೆ, ನಿಂತು ಹೇಳಿಕೊಡುವ ಮೇಸ್ತ್ರಿ ಬೇಕು ಎಂದು ಮನೆಗೆ ಹೇಳಿಕಳಿಸಿದರು.

ಹೀಗಾಗಿ ಒಂದು ಸೋಮವಾರ, ನರ್ಸಕ್ಕ ಪಾಳಿ ಮುಗಿಸಿ ಆಸ್ಪತ್ರೆಯ ಗೇಟಿನಿಂದ ಹೊರಬರುವಾಗ ಅಪ್ಪ ಬಸ್ಸಿಳಿದು ಒಳಗೆ ಬರುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಚೀಲ, ಚೀಲದಿಂದ ಹೊರಗೆ ಇಣುಕುವ ಗೋಣಿ, ಪಟ್ಟಿಗೆ ಕಟ್ಟುವ ಹಗ್ಗ. ಮಗಳಿಗೆ ಮನೆಯ ಬೀಗದ ಕೈ ಕೊಟ್ಟ.

"ಅನ್ನ ಮಾಡಿಟ್ಟಿದೀನಿ. ತಿಂದು ಮಲಕ್ಕೋ. ಬರೀ ಹೊಟ್ಟೇಲಿ ಬಿದ್ಕೋಬೇಡ."

"ಪಟ್ಟಿ ಇನ್ನೊಂದು ತುದಿ ಯಾರು ಹಿಡೀತಾರಪ್ಪಾ?"

"ಅವರಿಬ್ಬರೂ ಕಲೀತಾರೆ ಬಿಡು. ಇಲ್ಲದಿದ್ರೆ ಕರೆ ಕಳಿಸ್ತೀನಿ. ಈ ಸಲ ಎಬ್ಬಿಸೇ ಎಬ್ಬಿಸ್ತೀನಿ."

ಅವನು ನಾಲ್ಕು ಹೆಜ್ಜೆ ಹೋಗಿ ನಿಂತು, ಆಸ್ಪತ್ರೆಯ ಉದ್ದನೆಯ ಕಾಂಪೌಂಡನ್ನು ಒಂದು ಕಣ್ಣು ಮುಚ್ಚಿ ಅಳೆದ. ತಲೆಯಾಡಿಸಿದ, ಸರಿಯಿದೆಯೆಂದೋ ಇಲ್ಲವೆಂದೋ ತಿಳಿಯಲಿಲ್ಲ. ಆಮೇಲೆ ಒಳಗೆ ಹೋದ. ನರ್ಸಕ್ಕ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು, ಬೆಳಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಆಕಳಿಸುತ್ತ ಬಸ್ಸಿನ ಕಡೆ ನಡೆದಳು.